ಗುಡುಗರ ಹಲಗೆ

ಮೊರಬದ ಉಡಚಪ್ಪ ಹಲಗೆ ಬಾರಿಸುವುದನ್ನು ಬಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ಬಿಟ್ಟದ್ದು ಅವನೊಬ್ಬನೇ ಅಲ್ಲ, ಇಡೀ ಓಣಿ. ಹನ್ನೊಂದು ಮನೆಯವರು ಒಂದೇ ದಿನ ನವಲಗುಂದಕ್ಕೆ ಹೋಗಿ ಬೌದ್ಧರಾಗಿ, ಸಂಜೆ ಟ್ರ್ಯಾಕ್ಟರಿನಲ್ಲಿ ಮರಳಿ ಬಂದರು. ಇನ್ನು ಮುಂದೆ ಯಾರ ಹೆಣದ ಮುಂದೆಯೂ ಯಾರ ಮೆರವಣಿಗೆಯ ಮುಂದೆಯೂ ಹಲಗೆ ಹಿಡಿಯುವುದಿಲ್ಲ ಎಂದು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು. ಊರು ಸುಮ್ಮನಿರಲಿಲ್ಲ. ಎಂಟು ತಿಂಗಳು ಯಾರೂ ಹೊಲದ ಕೆಲಸಕ್ಕೆ ಕರೆಯಲಿಲ್ಲ, ಗಿರಣಿಯಲ್ಲಿ ಜೋಳ ಬೀಸಿಕೊಡಲಿಲ್ಲ. ಹೆಂಗಸರು ಕೆಲಸ ಹುಡುಕಿಕೊಂಡು ಪಕ್ಕದೂರುಗಳಿಗೆ ನಡೆದರು. ಬಸುರಿಯಾಗಿದ್ದ ಉಡಚಪ್ಪನ ಹೆಂಡತಿ ಫಕೀರವ್ವನೂ ನಡೆದಳು. ಆ ಕೂಸು ಉಳಿಯಲಿಲ್ಲ. ಆ ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಕೊಟ್ಟ ಮಾತು ಎಷ್ಟು ತೂಕದ್ದೆಂದು ಓಣಿಗೆಲ್ಲ ಗೊತ್ತು.

ಆಮೇಲೆ ಉಡಚಪ್ಪನಿಗೆ ಹೈಸ್ಕೂಲಿನಲ್ಲಿ ಸಿಪಾಯಿ ಕೆಲಸ ಸಿಕ್ಕಿತು. ಗಂಟೆ ಹೊಡೆದ, ನೀರು ತುಂಬಿದ, ಎರಡು ವರ್ಷದ ಹಿಂದೆ ನಿವೃತ್ತನಾದ. ಬೌದ್ಧನಾದ ಮೇಲೂ ಉಡಚಪ್ಪ ಎಂದು ದೇವಿಯ ಹೆಸರನ್ನೇ ಇಟ್ಟುಕೊಂಡಿದ್ದೀಯಲ್ಲ ಎಂದು ಯಾರಾದರೂ ಕೆಣಕಿದರೆ, ಹೆಸರು ಬದಲಿಸಲು ಕಚೇರಿಗೆ ಅಲೆಯುವುದಕ್ಕಿಂತ ಆಕೆಯನ್ನು ಹೆಸರಿನಲ್ಲಿ ಇರಗೊಡುವುದೇ ಸಲೀಸು ಎನ್ನುತ್ತಿದ್ದ.

ಕಿರಿಯ ಮಗಳು ಮಲ್ಲಿಕಾ ಕುಂದಗೋಳದ ಒಂದು ಆಟಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಹಲಗೆ ಬಾರಿಸಿದ್ದನ್ನು ಅವಳು ಕಂಡವಳಲ್ಲ, ಆ ಮಾತು ಕೊಟ್ಟ ಮೇಲೆ ಹುಟ್ಟಿದವಳು. ಆ ವರ್ಷ ಅವಳ ಅಂಗಡಿಯಲ್ಲಿ ಮಕ್ಕಳು ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಟಿವಿಯಲ್ಲಿ ಭಾನುವಾರ ಮುಂಜಾನೆ ಬರುವ ‘ಧೂಮಕೇತು ದಂಡು’ ಎಂಬ ಧಾರಾವಾಹಿಯ ಸಾಮಾನೇ ಆಗಬೇಕು. ಸೆಲ್ ಹಾಕಿದರೆ ಕಣ್ಣು ಮಿನುಗುವ ಶಿರಸ್ತ್ರಾಣ, ರಬ್ಬರಿನ ಕತ್ತಿ, ಎದೆಯ ಮೇಲೆ ಬಾಲದ ಚುಕ್ಕಿ ಇರುವ ಅಂಗಿ, ಊಟದ ಡಬ್ಬಿ. ಆಕಾಶದ ಆಚೆ ತುದಿಯ ಒಂದು ಗ್ರಹದಲ್ಲಿ ಗುಡುಗರು ಎಂಬ ಯೋಧರಿದ್ದಾರೆ. ಕಾಳಗಕ್ಕೆ ಹೊರಟಾಗ ಚಪ್ಪಟೆಯಾದ ತೊಗಲಿನ ವಾದ್ಯ ಬಾರಿಸುವವನು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ. ಅವನ ಮೇಲೆ ವೈರಿಯೂ ಕೈ ಎತ್ತುವಂತಿಲ್ಲ. ಅವನು ಸಭೆಗೆ ಬಂದರೆ ರಾಜನೂ ಎದ್ದು ನಿಲ್ಲಬೇಕು.

ಮಲ್ಲಿಕಾ ಒಂದು ಭಾನುವಾರ ಅಪ್ಪನನ್ನು ಟಿವಿಯ ಮುಂದೆ ಕೂರಿಸಿ ತೋರಿಸಿದಳು. ಉಡಚಪ್ಪ ಮೊದಲು ನೋಡಿದ್ದು ಬಾರಿಸುವವನ ಕಾಲನ್ನು. ಅವನು ಬರಿಗಾಲಲ್ಲಿರಲಿಲ್ಲ, ಬೂಟು ಹಾಕಿದ್ದ.

ಅಂಗಡಿಗೆ ಬಂದಿದ್ದ ಪ್ಲಾಸ್ಟಿಕ್ ವಾದ್ಯಗಳು ಒಂದೇ ದಿನದಲ್ಲಿ ಸೀಳುತ್ತಿದ್ದವು. ಮಾಲೀಕ ರಮಜಾನ್ ಸೇಠ ಸಜ್ಜನ, ಮಕ್ಕಳು ಅಳುತ್ತ ಮರಳಿ ತರುವುದನ್ನು ನೋಡಲಾರದವನು. ನಿಜವಾದ ತೊಗಲಿನವನ್ನು ಮಾಡುವವರು ಯಾರಾದರೂ ಗೊತ್ತೇ ಎಂದು ಕೇಳಿದಾಗ ಮಲ್ಲಿಕಾ ಯೋಚಿಸದೆ ಅಪ್ಪನ ಹೆಸರು ಹೇಳಿಬಿಟ್ಟಳು.

ಉಡಚಪ್ಪ ನಾಲ್ಕು ದಿನ ಉತ್ತರ ಕೊಡಲಿಲ್ಲ. ಐದನೆಯ ದಿನ, “ಮಾಡಿ ಕೊಡ್ತೇನಿ, ಯವ್ವಾ. ಬಾರಸೂದಿಲ್ಲ,” ಎಂದ.

ಹನ್ನೆರಡು ಸಣ್ಣ ಹಲಗೆಗಳು. ಕಟ್ಟಿಗೆಯ ಬಳೆ ಬಗ್ಗಿಸಿದ, ತೊಗಲು ನೆನೆಸಿದ, ಹುಣಸೆ ಬೀಜ ಅರೆದು ಅಂಟು ಕುದಿಸಿದ. ಎಲ್ಲಿ ಎಷ್ಟು ಎಳೆಯಬೇಕೆಂದು ಕೈ ತಾನೇ ನೆನಪು ಮಾಡಿಕೊಂಡಿತು. ಫಕೀರವ್ವ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋದಳು. ನೆರಳಿಗೆ ಒಣಹಾಕಿದ್ದನ್ನು ಕಂಡು ಎದುರು ಮನೆಯ ಭೀಮಶಿ ಬಂದ. ಅವನು ಉಡಚಪ್ಪನ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ಕಿರಿಯನಾದರೂ ಓಣಿಯ ಮುಂದಾಳು. ಇವೆಲ್ಲ ಮಕ್ಕಳ ಆಟಿಕೆ ಎಂದು ಉಡಚಪ್ಪ ಹೇಳಿದ. ಭೀಮಶಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

“ಆಟಿಗಿ ಸಾಮಾನಕ್ಕ ಇಷ್ಟು ಚೊಲೋ ತೊಗಲು ಯಾಕ ಬೇಕೋ, ಅಣ್ಣಾ?”

ಉಡಚಪ್ಪ ನಕ್ಕು ಮಾತು ತೇಲಿಸಿದ. ಹಲಗೆಗಳು ಕುಂದಗೋಳಕ್ಕೆ ಹೋದವು. ಒಂದನ್ನೂ ಅವನು ಬಡಿದು ನೋಡಿರಲಿಲ್ಲ.

ಧಾರಾವಾಹಿಯ ಹೊಸ ಕಂತುಗಳು ಶುರುವಾಗುವ ದಿನ ರಮಜಾನ್ ಸೇಠ ಅಂಗಡಿಯ ಮುಂದೆ ಶಾಮಿಯಾನ ಹಾಕಿಸಿದ. ಗುಡುಗರ ವೇಷದ ಮಕ್ಕಳು ಹಲಗೆ ಬಾರಿಸುತ್ತ ಬರಬೇಕೆಂದು ಏರ್ಪಾಟು. ಆದರೆ ಎರಡು ದಿನದಿಂದ ಜಿಟಿಜಿಟಿ ಮಳೆ. ತೊಗಲು ತಂಪು ಹಿಡಿದು ಸಡಿಲಾಗಿತ್ತು. ಬಡಿದರೆ ಒದ್ದೆ ಗೋಣಿಚೀಲ ಬಡಿದಂತೆ. ಮಲ್ಲಿಕಾ ಅಪ್ಪನಿಗೆ ಫೋನು ಮಾಡಿದಳು. ಕಾಯಿಸಿ ಕೊಟ್ಟರೆ ಸಾಕು, ಬೇರೆ ಏನೂ ಬೇಡ ಎಂದು ಅಂಗಲಾಚಿದಳು. ಅವನು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬಂದ.

ಅಂಗಡಿಯ ಹಿಂದೆ ಶಿರಸ್ತ್ರಾಣ ಬಂದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಹರಿದು ಬೆಂಕಿ ಹಚ್ಚಿದ. ಹಲಗೆಯನ್ನು ಉರಿಯ ಮೇಲೆ ತಿರುಗಿಸುತ್ತ ಕುಂತ. ಕಾಯದೆ ಹಲಗೆ ದನಿ ಕೊಡುವುದಿಲ್ಲ, ಬಡಿಯದೆ ಅದು ಕಾದದ್ದು ತಿಳಿಯುವುದಿಲ್ಲ. ಮಾಡುವುದು ಬೇರೆ, ಬಾರಿಸುವುದು ಬೇರೆ ಎಂದು ಮಗಳಿಗೆ ಹೇಳಿದಾಗ ಉಡಚಪ್ಪ ಇದನ್ನು ಮರೆತಿದ್ದನೋ, ಮರೆತಂತೆ ಮಾಡಿದ್ದನೋ. ಮೊದಲನೆಯದನ್ನು ಬೆರಳ ತುದಿಯಿಂದ ಮುಟ್ಟಿದ. ಎರಡನೆಯದಕ್ಕೆ ಸಣ್ಣ ಕಡ್ಡಿ ತಾಗಿಸಿದ. ಐದನೆಯದು ಕೈಗೆ ಬರುವ ಹೊತ್ತಿಗೆ ಅವನು ಪರೀಕ್ಷೆ ಮಾಡುತ್ತಿರಲಿಲ್ಲ.

ಇಪ್ಪತ್ತೆಂಟು ವರ್ಷ ಎಲ್ಲಿ ಅಡಗಿತ್ತೋ ಆ ಪೆಟ್ಟು, ಹೆಗಲಿನಿಂದ ಇಳಿದು ಮಣಿಕಟ್ಟಿಗೆ ಬಂತು. ಬೆಂಕಿಯ ಬದಿಯಿಂದ ಎದ್ದ. ದನಿ ಕೇಳಿ ಮಕ್ಕಳು ಓಡಿ ಬಂದು ಸುತ್ತುವರಿದರು. ಅವರ ನಡುವೆ ಬಾರಿಸುತ್ತಲೇ ಶಾಮಿಯಾನಕ್ಕೆ ನಡೆದ. ಕುರ್ಚಿಯಲ್ಲಿ ಕುಳಿತಿದ್ದ ಮಕ್ಕಳು ಟಿವಿಯಲ್ಲಿ ಕಂಡಂತೆ ಒಬ್ಬೊಬ್ಬರಾಗಿ ಎದ್ದು ನಿಂತರು. ಅವರನ್ನು ನೋಡಿ ತಾಯಂದಿರೂ ಎದ್ದರು. ತಾನು ಹಲಗೆ ಹಿಡಿದು ಬಂದಾಗ ಎದ್ದು ನಿಂತ ಜನವನ್ನು ಉಡಚಪ್ಪ ಹುಟ್ಟಿದ ಮೇಲೆ ಕಂಡಿರಲಿಲ್ಲ. ಅವನ ಕೈ ನಿಲ್ಲಲಿಲ್ಲ. ಮಲ್ಲಿಕಾ ಅಳುತ್ತ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಳು. ಸಂಜೆಯೊಳಗೆ ಅದನ್ನು ಗೆಳತಿಯರಿಗೆ ಕಳಿಸಿದಳು, ತನ್ನ ಸ್ಟೇಟಸ್ಸಿಗೂ ಹಾಕಿದಳು. ಮರುದಿನ ಮೊರಬದ ಮೊಬೈಲುಗಳಲ್ಲೆಲ್ಲ ಉಡಚಪ್ಪ ಬಾರಿಸುತ್ತಿದ್ದ.

ನಳದ ಹತ್ತಿರ ಓಣಿಯವರು ಫಕೀರವ್ವನಿಗೆ ಮೊದಲಿನಂತೆ ಸರದಿ ಬಿಟ್ಟರು, ಮಾತು ಮಾತ್ರ ಆಡಲಿಲ್ಲ.

ನಾಲ್ಕನೆಯ ದಿನ ಮುಂಜಾನೆ ಊರ ಜಮೀನುದಾರರ ದೊಡ್ಡ ಮನೆ, ವಾಡೆಯ ಹಿರಿಯ ಯಜಮಾನ ತೀರಿಕೊಂಡ. ಹತ್ತು ಗಂಟೆಗೆ ಅವನ ಮೊಮ್ಮಗ ಬೈಕಿನ ಮೇಲೆ ಉಡಚಪ್ಪನ ಬಾಗಿಲಿಗೆ ಬಂದ. ಅತ್ತು ಕಣ್ಣು ಕೆಂಪಾಗಿತ್ತು. ಕೈ ಮುಗಿದೇ ಮಾತಾಡಿದ. ವಿಡಿಯೋ ನೋಡಿದೆ, ಅಜ್ಜನಿಗೆ ನಿಮ್ಮ ಹಲಗೆಯೆಂದರೆ ಜೀವವಂತೆ, ಕೊನೆಯ ಹಾದಿಗೆ ನೀವೇ ಬರಬೇಕು ಎಂದ. ಓಣಿ ಕೊಟ್ಟುಕೊಂಡ ಮಾತಾಗಲಿ, ಆ ಎಂಟು ತಿಂಗಳಾಗಲಿ ಆ ಹುಡುಗನಿಗೆ ಗೊತ್ತಿರಲಿಲ್ಲ. ಓಣಿಯ ಒಂದೊಂದೇ ಬಾಗಿಲಲ್ಲಿ ಜನ ಬಂದು ನಿಂತರು.

ಕೆಲಸಕ್ಕೆ ಹೊರಟಿದ್ದ ಮಲ್ಲಿಕಾ ಮುಂದೆ ಬಂದಳು. “ಅಲ್ಲಿ ಬಾರಿಸಿದ್ದು ಬ್ಯಾರೆ ಐತ್ರಿ.”

“ಬ್ಯಾರೆ ಹೆಂಗ್ರಿ, ಅಕ್ಕಾರ?”

ಅವಳು ಅಪ್ಪನ ಕಡೆ ತಿರುಗಿದಳು.

“ಅಲ್ಲಿ ಹುಡುಗುರು ಎದ್ದು ನಿಂತ್ರು, ತಮ್ಮಾ,” ಎಂದ ಉಡಚಪ್ಪ. “ನಿಮ್ಮ ಅಂಗಳದಾಗ ನನಗ ಯಾರು ಎದ್ದು ನಿಲ್ತಾರ?”

ಹುಡುಗ ನಿಜವಾಗಿಯೂ ಯೋಚಿಸಿದ. “ಹೆಣದ ಮುಂದ ಎಲ್ಲಾರೂ ನಿಂತ ಇರ್ತಾರಲ್ರಿ, ಕಾಕಾ.”

ಯಾರೋ ಸಣ್ಣಗೆ ನಕ್ಕರು, ಉಡಚಪ್ಪ ನಗಲಿಲ್ಲ. ಬರುವುದಿಲ್ಲ, ಇನ್ನೊಮ್ಮೆ ಕರೆಯಬೇಡಿ ಎಂದ. ಹುಡುಗ ಮುಖ ಸಣ್ಣದು ಮಾಡಿಕೊಂಡು, ಹಾಗಾದರೆ ಹುಬ್ಬಳ್ಳಿಯಿಂದ ಬ್ಯಾಂಡಿನವರನ್ನು ಕರೆಸುತ್ತೇವೆ ಎಂದು ಹೋದ. ಆಗ ಭೀಮಶಿ ತನ್ನ ಕಟ್ಟೆಯಿಂದ ಇಳಿದು ಬಂದ. ಬೈಯಲಿಲ್ಲ.

“ನಿನಗ ಪಿಂಚಣಿ ಬರ್ತೈತಿ, ಇಲ್ಲ ಅಂದಿ. ನಾಳಿ ವಾಡೇದವ್ರು ನನ್ನ ಮಗನ ಕಡೆ ಬರ್ತಾರ. ಅವ ಅವರ ಹೊಲದಾಗ ದುಡೀತಾನ. ಅವಗ ಇಲ್ಲ ಅನ್ನಾಕ ಬರ್ತದೇನು?”

ಉಡಚಪ್ಪ ಮನೆಯೊಳಗೆ ಬಂದ. ಮಗಳು ಕೆಲಸಕ್ಕೆ ಹೋಗದೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ತಪ್ಪು ನನ್ನದು ಎಂದು ಅವಳು ಅಂದಾಗ, ಕೈ ನನ್ನದಿತ್ತು ಎಂದಷ್ಟೇ ಹೇಳಿದ. ಮಧ್ಯಾಹ್ನ ಮಡಿಚಿಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು ಬರಿಗೈಯಲ್ಲಿ ವಾಡೆಯ ಕಡೆ ಹೊರಟ. ನಮ್ಮ ಓಣಿಯ ಯಾವ ಮನೆಗೂ ಹಲಗೆ ಕೇಳಿಕೊಂಡು ಬರಬೇಡಿ ಎಂದು ಊರಿನ ಎದುರಿಗೇ ಹೇಳುವುದು ಅವನ ಮನಸ್ಸಿನಲ್ಲಿತ್ತು.

ಹೇಳುವುದು ಸುಲಭವಿರಲಿಲ್ಲ. ಅಂಗಳದ ತುಂಬ ಅಳು, ಬ್ಯಾಂಡಿನವರ ತುತ್ತೂರಿ. ಸಾವಿನ ಮನೆಯಲ್ಲಿ ನ್ಯಾಯ ತೆಗೆಯುವುದು ಅವನಿಗೇ ಸರಿ ಕಾಣಲಿಲ್ಲ. ಅಷ್ಟರಲ್ಲಿ ಹೆಣ ಎತ್ತಿದರು. ಗುಂಪು ಬಾಗಿಲಿಗೆ ಬಂತು. ಅಲ್ಲಿ ನಿಂತಿದ್ದ ಉಡಚಪ್ಪನನ್ನು ಕಂಡ ನಾಲ್ಕಾರು ಮುದುಕರು ಒತ್ತಟ್ಟಿಗೆ ಸರಿದು, ಬ್ಯಾಂಡಿನವರಿಗಿಂತಲೂ ಮುಂದೆ, ಅವನಿಗೆ ಜಾಗ ಬಿಟ್ಟರು. ಅವನ ಕೈಯಲ್ಲಿ ಏನೂ ಇಲ್ಲ ಎಂಬುದನ್ನು ಅವರು ನೋಡಿರಲೂ ಇಲ್ಲ. ಆ ಖಾಲಿ ಜಾಗ ಅವನಿಗಾಗಿ ಕಾಯುತ್ತ ನಿಂತಿತು.

“ನಾ ಎಲ್ಲಾರ ಜೋಡಿ ಬರ್ತೇನ್ರಿ,” ಎಂದು ಅವನು ಗುಂಪಿನ ನಡುವೆ ಸೇರಿಕೊಂಡ. ಅಕ್ಕಪಕ್ಕದವರು ಸ್ವಲ್ಪ ಸರಿದರು, ಆಮೇಲೆ ನಡೆದರು.

ಮಣ್ಣು ಕೊಟ್ಟು ಕೈಕಾಲು ತೊಳೆಯುವಾಗ ಅವನು ಸತ್ತವನ ಹಿರಿಯ ಮಗನ ಎದುರು ನಿಂತು ಹೇಳಬೇಕಾದ್ದನ್ನು ಹೇಳಿದ. ಆತ ಟವೆಲಿನಿಂದ ಮುಖ ಒರೆಸಿಕೊಂಡು, “ನೋಡೂಣು ಬಿಡೋ, ಉಡಚ್ಯಾ,” ಎಂದ. ಉಡಚಪ್ಪ ಮತ್ತೊಮ್ಮೆ, ಸುತ್ತಲಿನವರಿಗೂ ಕೇಳುವ ಹಾಗೆ ಹೇಳಿದ. ಆತ ಈ ಸಲ ಟವೆಲು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ.

ಓಣಿಗೆ ಬಂದಾಗ ಭೀಮಶಿ ಕಟ್ಟೆಯ ಮೇಲೆಯೇ ಇದ್ದ. ಏನಂದರು ಎಂದು ಕೇಳಿದ. ನೋಡೋಣ ಅಂದರು ಎಂದು ಉಡಚಪ್ಪ ಹೇಳಿದ. ಭೀಮಶಿ ಅವನಿಗೆ ಕೂರಲು ಸರಿದು ಜಾಗ ಮಾಡಿದ.

“ಮಣ್ಣಾಗಿ ಮೂರು ದಿನ ಆಗ್ಲಿ,” ಎಂದ. “ಇಬ್ಬರೂ ಕೂಡಿ ವಾಡೇಕ ಹೋಗಿ ಹೇಳೂಣು.”