ಎಸ್ತರ್ ಆಂಟಿಯ ಯಿಡ್ಡಿಷ್ ಪತ್ರಿಕೆ

ಇವತ್ತು ಮ್ಯಾಂಚೆಸ್ಟರಿನ ಲೈಬ್ರರಿಯೊಂದರಲ್ಲಿ, ಗಾಜಿನ ಕೆಳಗೆ ಇಟ್ಟಿದ್ದ ಯಹೂದಿಗಳ ಯಿಡ್ಡಿಷ್ ಭಾಷೆಯ ಹಳೆಯ ಪತ್ರಿಕೆ ಕಂಡು ಕುಣಿದಾಡುವಂತಾಯಿತು. ಬಲದಿಂದ ಎಡಕ್ಕೆ ಸಾಗುವ ಆ ಅಕ್ಷರಗಳು ನನಗೆ ಗೊತ್ತು!

ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಯಹೂದಿ ಅಜ್ಜಿ, ಎಸ್ತರ್ ಆಂಟಿ. ಅವರ ತಂದೆ ರಷ್ಯಾದಿಂದ ಬಂದು, ಇದೇ ಊರಿನ ಯಿಡ್ಡಿಷ್ ಪತ್ರಿಕೆಯೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರಂತೆ. ಅವ್ವ ಆಸ್ಪತ್ರೆಯ ಕೆಲಸ ಮುಗಿಸಿ ಬರುವವರೆಗೆ ನಾನು ಆಂಟಿಯ ಅಡುಗೆಮನೆಯಲ್ಲೇ ಇರುತ್ತಿದ್ದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಆ ಪತ್ರಿಕೆಗಳಿದ್ದವು, ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವಂತೆ. ಆಂಟಿಯ ಕಣ್ಣು ಮಂಜಾಗಿತ್ತು. ಅವರ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಓದಲು ಬರುತ್ತಿರಲಿಲ್ಲ.

“ನೀನೇ ಓದಿ ಹೇಳು ಮರಿ,” ಎಂದು ಆಂಟಿ ಮೇಜಿನ ಮೇಲೆ ಹಿಟ್ಟು ಹರಡಿ, ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಕಲಿಸಿದರು.

ಒಂದು ಸಂಜೆ, ಮೂಲೆಯಲ್ಲಿದ್ದ ಪುಟ್ಟ ಸುದ್ದಿಯನ್ನು ಅರ್ಥ ತಿಳಿಯದೆಯೇ ತಡವರಿಸುತ್ತಾ ಓದಿದೆ. ಆಂಟಿ ಎದ್ದೇ ನಿಂತರು.

“ಇನ್ನೊಮ್ಮೆ ಓದು! ‘ನಮ್ಮ ಮೊಳೆ ಜೋಡಿಸುವವನಿಗೆ ಹೆಣ್ಣು ಮಗು’ ಅಂತಿದೆ. ಅದು ನಾನು! ಅಪ್ಪ ತನ್ನ ಕೈಯಾರೆ ಜೋಡಿಸಿದ್ದು!”

ಹಿಟ್ಟಿನ ಕೈಯಲ್ಲೇ ನನ್ನನ್ನು ಅಪ್ಪಿಕೊಂಡರು.

ನಾನು ಮನೆಗೆ ಓಡಿದೆ. ಅಲ್ಲಿಯವರೆಗೆ ಅವ್ವನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು, “ಅವ್ವಾ, ಧಾರವಾಡದ ಅಜ್ಜಿ ಬರೆದ ಕಾಗದಾನ ನಾನೇ ಓದಬೇಕು, ಕನ್ನಡ ಕಲಿಸು,” ಅಂದೆ.

“ಬಾ, ಇಲ್ಲೇ ಕೂಡು,” ಎಂದ ಅವ್ವ ಕೋಟು ಸಹ ಬಿಚ್ಚದೆ ಮೆಟ್ಟಿಲ ಮೇಲೆ ಕುಳಿತು, ಅಜ್ಜಿಯ ಕಾಗದ ಬಿಡಿಸಿದಳು.

ಇದನ್ನು ಬರೆದು ಮೊದಲು ಅವ್ವನಿಗೇ ಕಳಿಸಿದೆ. ಎರಡು ಕಾಗುಣಿತ ತಿದ್ದಿ ವಾಪಸು ಕಳಿಸಿದ್ದಾಳೆ!