ಉಡದಾರದೊಳಗೆ ಎಷ್ಟು ಬೆರಳು

ನಮ್ಮ ಶಾಲೆಯ ಮಕ್ಕಳೆಲ್ಲ ಒಂದೇ ಬೇಸಿಗೆಯಲ್ಲಿ ಎರಡು ಇಂಚು ಹೆಚ್ಚಿಗೆ ಬೆಳೆದದ್ದು ಹೇಗೆಂದು ಯಾರಾದರೂ ಕೇಳಿದರೆ, ಅದರ ಶ್ರೇಯಸ್ಸು ಗೌಂಡಿಗೆ ಸಲ್ಲಬೇಕು. ರಜೆಯಲ್ಲಿ ಅವನು ಹಳೆಯ ನೆಲದ ಮೇಲೆಯೇ ಸಿಮೆಂಟು ಹಾಕಿ ಟೈಲ್ಸ್ ಕೂರಿಸಿದ. ಎತ್ತರ ಅಳೆಯಲು ಗೋಡೆಯ ಮೇಲೆ ಬರೆಸಿದ್ದ ಪಟ್ಟಿ ಮಾತ್ರ ಇದ್ದಲ್ಲೇ ಉಳಿಯಿತು. ನೆಲ ಮೇಲೆ ಬಂತು. ನೆಲದ ಜೊತೆ ಮಕ್ಕಳೂ ಮೇಲೆ ಬಂದರು.

ಇದನ್ನು ಕಂಡುಹಿಡಿದವಳು ನನ್ನ ಅತ್ತೆ. ತಂಬ್ರಹಳ್ಳಿ ಕಡೆಯ ನಮ್ಮೂರಿನ ಶಾಲೆಯಲ್ಲಿ ಅವಳು ಬಿಸಿಯೂಟದ ಮುಖ್ಯ ಅಡುಗೆಯವಳು, ನಾನು ಅವಳ ಕೈಕೆಳಗಿನವಳು. ಅವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ಸೌಟು ನನ್ನ ಕೈಗೆ ಬಂದಿದೆ, ಅವಳ ಬಾಯಿ ಬಂದಿಲ್ಲ.

ಅತ್ತೆಗೆ ಓದು ಬರುತ್ತಿರಲಿಲ್ಲ. ಸಣ್ಣ ಮಕ್ಕಳು ತಟ್ಟೆ ಹಿಡಿದು ಬಂದಾಗ ಅವರ ಸೊಂಟದ ಉಡದಾರದೊಳಗೆ ಬೆರಳು ತೂರಿಸಿ ನೋಡುತ್ತಿದ್ದಳು. ಒಂದು ಬೆರಳು ಹೋದರೆ ಸರಿ. ಎರಡು ಹೋದರೆ ಸೌಟು ಇನ್ನೊಮ್ಮೆ ಪಾತ್ರೆಗೆ ಇಳಿಯುತ್ತಿತ್ತು. ಮೂರನೇ ತರಗತಿಯಲ್ಲಿ ಕುರಿ ಕಾಯುವವರ ಮಗಳೊಬ್ಬಳಿದ್ದಳು. ಅವಳ ಉಡದಾರದಲ್ಲಿ ಮೂರು ಬೆರಳು ಹೋಗುತ್ತಿದ್ದವು.

"ಡಾಕ್ಟರಮ್ಮ ತಪಾಸಣಿಗೆ ಬಂದಾಗ ಈಕಿ ಹೆಸರು ಸೊರಗಿದ ಮಕ್ಕಳ ಪಟ್ಟಿಗೆ ಹತ್ತಬೇಕು ನೋಡು," ಎಂದು ಅತ್ತೆ ದಿನ ಎಣಿಸುತ್ತಿದ್ದಳು. "ಹತ್ತಿದ್ರ ದೊಡ್ಡ ದವಾಖಾನಿಗೆ ಕಳಸ್ತಾರ."

ಆ ದಿನ ಬಂತು. ಊಟ ಒಂದು ತಾಸು ಮೊದಲೇ ಬಡಿಸಬೇಕೆಂದು ಹೆಡ್‌ಮಾಸ್ತರರ ಅಪ್ಪಣೆಯಾಯಿತು. "ಹೊಟ್ಟಿ ತುಂಬ ಉಣ್ಲಿ ಬಿಡ್ರಿ. ಆಮ್ಯಾಲೆ ತೂಕ ಮಾಡಿದ್ರಾತು."

"ಸಂತಿಗೆ ಒಯ್ಯೋ ಮುಂದ ಕುರಿಗೆ ನೀರು ಕುಡಸ್ತಾರಲ್ಲ, ಹಂಗ," ಎಂದಳು ಅತ್ತೆ ನನ್ನ ಕಿವಿಯಲ್ಲಿ.

ಉಂಡು ಬಂದ ಹುಡುಗಿಯನ್ನು ತೂಗಿ, ಗೋಡೆಗೆ ನಿಲ್ಲಿಸಿ, ಡಾಕ್ಟರಮ್ಮ ಟ್ಯಾಬ್ ಒತ್ತಿದರು. ವಯಸ್ಸಿಗೆ ತಕ್ಕ ಎತ್ತರ, ವಯಸ್ಸಿಗೆ ತಕ್ಕ ತೂಕ, ಎರಡೂ "ನಾರ್ಮಲ್," ಎಂದಿತು ಅದು. ಕೂದಲೆಳೆಯಷ್ಟರಲ್ಲಿ ನಾರ್ಮಲ್.

"ಮೇಡಂನೋರ, ಆಕಿ ಹೋದ ವರ್ಷದ ಲಂಗ ಈ ವರ್ಷಾನೂ ಇದ್ದಲ್ಲೇ ಐತ್ರಿ. ಹುಡುಗಿ ಬೆಳದಿದ್ದು ಲಂಗಕ್ಕ ಗೊತ್ತೇ ಆಗಿಲ್ಲ ನೋಡ್ರಿ," ಎಂದು ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಪಟ್ಟಿಯ ಪಕ್ಕದಲ್ಲಿ ಒಂದು ಜಿರಾಫೆಯ ಚಿತ್ರವಿತ್ತು. ಅತ್ತೆ ಬಗ್ಗಿ ಅದರ ಬುಡ ನೋಡಿದಳು. "ಇದರ ಗೊರಸು ಎಲ್ಲಿ ಹೋದ್ವು?"

ಗೊರಸು ಟೈಲ್ಸ್ ಕೆಳಗೆ ಹೋಗಿದ್ದವು. ಪಟ್ಟಿಯ ಮೊದಲ ಎರಡು ಇಂಚೂ ಅವುಗಳ ಜೊತೆಗಿದ್ದವು.

"ಸುಮ್ನಿರವಾ, ಆಗ್ಲೇ ಅಪ್‌ಲೋಡ್ ಆಗೇತಿ," ಎಂದರು ಹೆಡ್‌ಮಾಸ್ತರರು.

"ಅಪ್‌ಲೋಡ್ ಆದ್ರ ಹೊಟ್ಟಿ ತುಂಬತೈತೇನ್ರಿ ಸರ?"

ಡಾಕ್ಟರಮ್ಮ ಕೆಟ್ಟವರಲ್ಲ. ಅತ್ತೆಯ ಒತ್ತಾಯಕ್ಕೆ ಹುಡುಗಿಯ ಉಡದಾರದಲ್ಲಿ ಬೆರಳನ್ನೂ ತೂರಿಸಿ ನೋಡಿದರು. "ಇದನ್ನ ತುಂಬಾಕ ಟ್ಯಾಬ್‌ನ್ಯಾಗ ಜಾಗ ಇಲ್ಲಮ್ಮ," ಎಂದರು. "ದವಾಖಾನಿಗೆ ನೀವೇ ಕರ್ಕೊಂಡು ಬರ್ರಿ, ನಾ ನೋಡ್ತೀನಿ." ಅವರಿಗೆ ಅದೇ ದಿನ ಇನ್ನೆರಡು ಶಾಲೆಯ ಮಕ್ಕಳನ್ನು ನಾರ್ಮಲ್ ಮಾಡಬೇಕಿತ್ತು.

ಮುಂದಿನ ಸೋಮವಾರ ಅತ್ತೆ ಹುಡುಗಿಯನ್ನೂ ಅವಳ ತಾಯಿಯನ್ನೂ ಬಸ್ಸು ಹತ್ತಿಸಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದಳು. ನಾನೂ ಜೊತೆಗಿದ್ದೆ. ಹುಡುಗಿಯ ರಕ್ತ ಪರೀಕ್ಷೆ ಮಾಡಿ, ಜಂತುಹುಳದ ಗುಳಿಗೆ, ಟಾನಿಕ್ ಬರೆದುಕೊಟ್ಟು, ಪ್ರತಿ ತಿಂಗಳು ಬಂದು ತೋರಿಸಲು ಹೇಳಿದರು. ಚೀಟಿ ತೆಗೆದುಕೊಳ್ಳಲು ಅತ್ತೆ ಕೈ ಚಾಚಿದಾಗ ಅವಳ ಹಸಿರು ಬಳೆಗಳು ಸರಸರ ಮೊಣಕೈ ತನಕ ಜಾರಿದವು. ಡಾಕ್ಟರಮ್ಮ ಚೀಟಿ ಬಿಡಲಿಲ್ಲ.

"ನಿಮ್ಮ ಬಳಿ ಯಾವಾಗಿಂದ ಹಿಂಗ ಜಾರ್ತಾವಮ್ಮ?"

"ಬಳಿಗಾರ ದೊಡ್ಡ ಅಳತಿ ಕೊಟ್ಟಾನ್ರಿ," ಎಂದಳು ಅತ್ತೆ.

ಬಳೆಗಾರನ ತಪ್ಪೇನೂ ಇರಲಿಲ್ಲ. ರೋಗ ಒಳಗೆ ಬಹಳ ದೂರ ಹೋಗಿತ್ತು. ಶಾಲೆಯ ಮಕ್ಕಳ ಸೊಂಟವನ್ನೆಲ್ಲ ಅಳೆದವಳ ಪಕ್ಕದಲ್ಲೇ ಕೂತು ಮೂರು ಹೊತ್ತು ಉಂಡವಳು ನಾನು. ಹತ್ತನೇ ತರಗತಿ ಪಾಸಾದವಳು. ಅವಳ ತಟ್ಟೆಯಲ್ಲಿ ರೊಟ್ಟಿ ಅರ್ಧ ಉಳಿದಾಗಲೆಲ್ಲ ವಯಸ್ಸಾಯಿತು ಅಂದುಕೊಂಡೆ. ಆ ಟ್ಯಾಬನ್ನು ನಾನು ಯಾವ ಬಾಯಿಂದ ಬೈಯಲಿ?

ಗೋಡೆಯ ಪಟ್ಟಿ ಈಗಲೂ ಹಾಗೇ ಇದೆ. ಹೆಡ್‌ಮಾಸ್ತರರು ಜಿರಾಫೆಗೆ ಹೊಸ ಬಣ್ಣ ಹೊಡೆಸಿದ್ದಾರೆ, ಗೊರಸು ಬಿಟ್ಟು.

ನಿನ್ನೆ ಆ ಹುಡುಗಿ ತಟ್ಟೆ ಹಿಡಿದು ಬಂದಳು. ಮೊದಲ ಸಲ ನಾನು ಅವಳ ಉಡದಾರದೊಳಗೆ ಬೆರಳು ತೂರಿಸಿದೆ. ಎರಡು ಹೋದವು.

"ಎರಡಕ್ಕ ಬಂದೀಯಲ್ಲ," ಎಂದೆ.

"ಅಜ್ಜಿ ಬೆರಳು ದಪ್ಪ ಇದ್ವು ಅಕ್ಕಾ. ನಿಮ್ಮವು ಸಣ್ಣ ಅದಾವು," ಎಂದಳು. "ಅಜ್ಜಿ ಬೆರಳಾದ್ರ ಒಂದೇ ಹೋಗ್ತಿತ್ತೇನ."

ಇರಬಹುದು. ಸೌಟನ್ನು ಇನ್ನೊಮ್ಮೆ ಪಾತ್ರೆಗೆ ಇಳಿಸಿದೆ.