ಚಿಕ್ಕಮ್ಮನಿಗಾಗಿ ಬರೆದ ಪ್ಲೇಯರ್

ಭದ್ರಾವತಿಯ ನ್ಯೂಟೌನಿನಲ್ಲಿ ನನ್ನ ಚಿಕ್ಕಮ್ಮ ಸಂಗೀತ ಹೇಳಿಕೊಡುತ್ತಿದ್ದರು. ಐವತ್ತು ದಾಟಿದ ಮೇಲೆ ಅವರ ದೃಷ್ಟಿ ಮಂಜಾಗುತ್ತ ಬಂತು. ಮನೆಗೆ ಬಂದವರನ್ನು ದನಿಯಿಂದಲೇ ಗುರುತಿಸುವ ಹಾಗಾಯಿತು. ಆದರೂ ಪಾಠ ನಿಲ್ಲಿಸಲಿಲ್ಲ. ತೀರಿಹೋದ ಗುರುಗಳ ಪಾಠಗಳೆಲ್ಲ ಅವರ ಬಳಿ ಕ್ಯಾಸೆಟ್ಟುಗಳಲ್ಲಿದ್ದವು. ಒಂದೇ ಸಾಲನ್ನು ಹಿಂದಕ್ಕೆ ಸುತ್ತಿ ಸುತ್ತಿ ಕೇಳಿ ಒಂದು ಟೇಪು ತುಂಡಾದ ದಿನ ನನಗೆ ಫೋನ್ ಮಾಡಿದರು.

ನಾನಾಗ ಶಿವಮೊಗ್ಗದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಕ್ಯಾಸೆಟ್ಟುಗಳನ್ನು ಅಲ್ಲೇ ರಾಗಿಗುಡ್ಡದಲ್ಲಿದ್ದ ನಮ್ಮ ಮನೆಗೆ ತಂದು, ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಎಳೆದು, ಒಂದೊಂದನ್ನೇ ಫೈಲು ಮಾಡಿದೆ. ಕೇಂದ್ರದವರು ಮೂಲೆಗೆ ತಳ್ಳಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ಪಡೆದು, ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಚಿಕ್ಕಮ್ಮನ ಮನೆಯಲ್ಲಿಟ್ಟು ಬಂದೆ. ಮುಂದಿನ ಸಲ ಹೋದಾಗ ಅದರ ಮೇಲೆ ಹಳೆಯ ಸೀರೆ ಹೊದಿಸಿದ್ದರು.

“ಆ ಮೌಸಿನ ಬಾಣ ಎಲ್ಲಿಗೆ ಹೋಯ್ತು ಅಂತ ನಂಗೆ ಕಾಣಲ್ಲ ಮಾರಾಯ್ತಿ. ಒತ್ತೋಕೆ ಎರಡು ಮೂರು ಗುಂಡಿ ಕೊಡು, ಸಾಕು.”

ಆಗ ಸಿಗುತ್ತಿದ್ದ, ಹಾಡು ಕೇಳಿಸುವ ಪ್ಲೇಯರ್ ಪ್ರೋಗ್ರಾಮುಗಳ ತುಂಬ ಮೌಸಿನಿಂದ ಒತ್ತಬೇಕಾದ ಚಿತ್ರಗಳು. ಚಿತ್ರವಿಲ್ಲದವು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತಿರಲಿಲ್ಲ. ಹೀಗಾಗಿ ನಾನೇ ಒಂದನ್ನು ಬರೆದೆ. ಕಪ್ಪು ಪರದೆ, ಕೀಬೋರ್ಡು, ಅಷ್ಟೇ. ಒಂದು ಕೀ ಸಾಲಿನ ಆರಂಭವನ್ನು ಗುರುತು ಮಾಡುತ್ತಿತ್ತು, ಇನ್ನೊಂದು ಕೊನೆಯನ್ನು. ನಡುವಿನದು ನಿಲ್ಲಿಸುವ ತನಕ ಸುತ್ತುತ್ತಿತ್ತು. ಬೆರಳಿಗೆ ಗೊತ್ತಾಗಲೆಂದು ಆ ಕೀಗಳ ಮೇಲೆ ಚಿಕ್ಕಮ್ಮ ಹಣೆಗಿಡುವ ಸ್ಟಿಕ್ಕರ್ ಅಂಟಿಸಿಕೊಂಡರು.

ಆದರೆ ಸಾಲು ಮುಗಿದು ಮತ್ತೆ ಶುರುವಾಗುವಾಗ ಟಕ್ಕೆಂದು ಸದ್ದಾಗುತ್ತಿತ್ತು.

“ತಾಳ ತಪ್ಪುತ್ತಲ್ಲೇ,” ಎಂದರು. “ಇದಕ್ಕಿಂತ ಟೇಪೇ ವಾಸಿ.”

ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದೆ, ಸದ್ದು ಹೋಗಲಿಲ್ಲ. ಕೊನೆಗೆ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಡೀ ಕೋಡನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ, ಈ ತೊಂದರೆಯನ್ನೂ ಬರೆದೆ. ಬಹಳ ದಿನ ಯಾರೂ ಮಾತಾಡಲಿಲ್ಲ. ಆಮೇಲೆ ಯಾವುದೋ ದೇಶದ ಒಬ್ಬನಿಂದ ಉತ್ತರ ಬಂತು. ಸಾಲು ತಿರುಗಿದಾಗಲೆಲ್ಲ ನನ್ನ ಪ್ರೋಗ್ರಾಮು ಧ್ವನಿಯ ದಾರಿಯನ್ನು ಮುಚ್ಚಿ ಮತ್ತೆ ತೆರೆಯುತ್ತಿತ್ತಂತೆ. ಮುಚ್ಚದೆ ಇರುವ ಹಾಗೆ ಅವನೇ ತಿದ್ದಿ ಕಳಿಸಿದ್ದ.

ಆ ಭಾನುವಾರ ಫ್ಲಾಪಿಯಲ್ಲಿ ಅದನ್ನು ತೆಗೆದುಕೊಂಡು ಭದ್ರಾವತಿಗೆ ಹೋದೆ. ಈ ಸಲ ಟಕ್ಕೆನ್ನಲಿಲ್ಲ; ಚಿಕ್ಕಮ್ಮ ತೊಡೆಯ ಮೇಲೆ ತಾಳ ಹಾಕುತ್ತ ಆಲಿಸಿದರು.

“ಯಾರು ಸರಿ ಮಾಡಿದ್ದು?”

“ಯಾರೋ ಹೊರದೇಶದವನು, ಚಿಕ್ಕಮ್ಮ.”

“ಸಂಗೀತ ಬರುತ್ತಾ ಅವನಿಗೆ?”

“ಕೇಳಿಲ್ಲ.”

ಸಾಲು ಸುತ್ತುತ್ತಲೇ ಇತ್ತು. ಇದ್ದಕ್ಕಿದ್ದಂತೆ ಅವರ ಕೈ ನಿಂತಿತು. “ಇಲ್ಲಿ ನೋಡು, ಗುರುಗಳು ಕೆಮ್ಮು ನುಂಗಿದ್ದಾರೆ.”

ನನಗೆ ಕೇಳಿಸಲಿಲ್ಲ. ಅವರು ಕೈಸನ್ನೆ ಮಾಡಿ ತೋರಿಸಿದ ಮೇಲೆ ಕೇಳಿಸಿತು. ಎರಡು ಸ್ವರಗಳ ನಡುವೆ ಗಂಟಲು ಸಣ್ಣಗೆ ಕಟ್ಟಿ, ಅಲ್ಲಿರಬೇಕಾದ ಸ್ವರವೊಂದು ಬಿಟ್ಟುಹೋಗಿತ್ತು. ಅದು ಗುರುಗಳ ಶೈಲಿಯೆಂದು ಚಿಕ್ಕಮ್ಮ ನಂಬಿದ್ದರು. ತಾವೂ ಹಾಗೆಯೇ ಹಾಡಿ, ಹಾಗೆಯೇ ಕಲಿಸಿದ್ದರು.

“ಇಷ್ಟು ವರ್ಷ ಕೆಮ್ಮನ್ನ ಪಾಠ ಮಾಡಿದೀನಿ ಮಾರಾಯ್ತಿ,” ಎಂದು ನಕ್ಕರು. ನಗು ಬೇಗ ನಿಂತಿತು. ಕಂಪ್ಯೂಟರ್ ಆರಿಸಲು ಹೇಳಿದರು.

ಆಮೇಲೆ ಶಿಷ್ಯೆಯರಿಗೆಲ್ಲ ವಿಷಯ ತಿಳಿಸಿದರು. ಓಲ್ಡ್‌ಟೌನಿನಲ್ಲಿ ತಾವೇ ಪಾಠ ಹೇಳುತ್ತಿದ್ದ ಹಳೆಯ ಶಿಷ್ಯೆಯೊಬ್ಬರು ಒಪ್ಪಲಿಲ್ಲ.

“ಆ ಜಾಗಕ್ಕೇ ಜನ ತಲೆದೂಗೋದು ಮೇಡಂ. ನಾನು ಬಿಡಲ್ಲ.”

“ಬಿಡಬೇಡ,” ಎಂದರು ಚಿಕ್ಕಮ್ಮ. “ಆದ್ರೆ ಅದು ಎಲ್ಲಿಂದ ಬಂತು ಅಂತ ನಿನ್ನ ಹತ್ರ ಕಲಿಯೋರಿಗೆ ಹೇಳು.”

ತಾವು ಮಾತ್ರ ಹೊಸಬರಿಗೆ ಆ ಸ್ವರ ಸೇರಿಸಿಯೇ ಕಲಿಸಿದರು. ಊರಿನಲ್ಲಿ ಕೆಲವು ಕಾಲ ಎರಡು ಪಾಠಗಳೂ ನಡೆದವು.

ಇದನ್ನೆಲ್ಲ ಆ ಅಪರಿಚಿತನಿಗೆ ಬರೆದೆ. ತನಗೆ ಸಂಗೀತ ಬರುವುದಿಲ್ಲ, ಹೆಂಡತಿಯ ಭಾಷೆ ಕಲಿಯಲು ಈ ಪ್ಲೇಯರ್ ಬಳಸುತ್ತಿದ್ದೇನೆ ಎಂದು ಉತ್ತರಿಸಿದ. ಮುಂದೆ ಪ್ಲೇಯರ್ ಬಳಸುವ ಬೇರೆಯವರೂ ನನಗೆ ಬರೆದರು. ಬಣ್ಣ ಬೇಕು, ಹಾಡುಗಳ ಪಟ್ಟಿ ಬೇಕು ಎಂದು ಕೇಳತೊಡಗಿದರು. ನನಗೆ ಅವುಗಳಲ್ಲಿ ಆಸಕ್ತಿ ಇರಲಿಲ್ಲ. ಪ್ಲೇಯರನ್ನು ನೋಡಿಕೊಳ್ಳುವ ಕೆಲಸವನ್ನು ಅವನಿಗೇ ಒಪ್ಪಿಸಿದೆ. ಅವನು ಅದನ್ನು ಬಹುಮಟ್ಟಿಗೆ ಹೊಸದಾಗಿ ಬರೆದ ಎಂದು ಕೇಳಿದ್ದೇನೆ.